ಹೆಸರು ಲಾಹೋರಿಂದು, ಕುರಿ ಯಾವೂರದು?

ನಮ್ಮ ಕಡೆ ಕಬಾಬ್ ಅಂದರೆ ಒಂದೇ ಕಬಾಬ್. ಸಂಜೆ ತಳ್ಳುಗಾಡಿ ಬಂದು ನಿಲ್ಲುತ್ತೆ, ಬಾಣಲೆಯಲ್ಲಿ ಎಣ್ಣೆ ಕಾಯುತ್ತೆ, ಖಾರದಪುಡಿ, ಮೊಟ್ಟೆ, ಕಾರ್ನ್‌ಫ್ಲೋರ್ ಮೆತ್ತಿದ ಕೋಳಿ ತುಂಡು ಅದರೊಳಗೆ ಬೀಳುತ್ತೆ. ಪೇಪರ್ ತಟ್ಟೆ, ಈರುಳ್ಳಿ, ನಿಂಬೆಹೋಳು. ತಿ. ನರಸೀಪುರದಲ್ಲಿ ಕೇಳಿ, ಬನ್ನೂರಿನಲ್ಲಿ ಕೇಳಿ, ಕಬಾಬ್ ಕೆಂಪಗಿರಬೇಕು, ಅಷ್ಟೆ.

2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬ್‌ಗೆ ಕೃತಕ ಬಣ್ಣ ಹಾಕಬಾರದು ಎಂದು ಆದೇಶ ಮಾಡಿತು. ಪರೀಕ್ಷೆ ಮಾಡಿಸಿದ 39 ಮಾದರಿಗಳಲ್ಲಿ 8ರಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಬಣ್ಣ ಸಿಕ್ಕಿತ್ತು. ಆ ವಾರ ನಾವು ಸುದ್ದಿಗೆಂದು ಗಾಡಿಗಳ ಮುಂದೆ ನಿಂತಾಗ ಒಬ್ಬ ಗಾಡಿಯಣ್ಣ ಹೇಳಿದ್ದು ಇನ್ನೂ ನೆನಪಿದೆ: "ಬಣ್ಣ ಬುಟ್ಟು ಕೊಟ್ರೆ, ಇದು ನಿನ್ನೆದಾ ಅಂತಾರೆ ಸಾರ್."

ಇದ್ದಿಲ ಮೇಲೆ ಸುಡುವ ಕಬಾಬ್ ಬೇರೆಯದೇ ಸಂಗತಿ. ಅದನ್ನು ಕೂತು ತಿಂದು, ಅದು ಚೆನ್ನಾ ಇದು ಚೆನ್ನಾ ಎಂದು ಜಗಳವಾಡುವ ಅವಕಾಶ ನಮಗೆ ಸಿಕ್ಕಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ. ಭಾವನ ಮಗಳನ್ನು ಹಾಸ್ಟೆಲಿಗೆ ಬಿಟ್ಟು ವಾಪಸ್ ಬರುತ್ತಿದ್ದೆವು. ಜೊತೆಯಲ್ಲಿ ಚಿಕ್ಕಪ್ಪನ ಮಗ. ದುಬೈನಲ್ಲಿ ಏಳು ವರ್ಷ ಏಸಿ ರಿಪೇರಿ ಮಾಡಿ ಊರಿಗೆ ಬಂದವನು. ಭಾವ ಬನ್ನೂರಿನ ಹತ್ತಿರದವರು, ಹದಿನಾಲ್ಕು ಬನ್ನೂರು ಕುರಿ ಸಾಕಿದ್ದರು. ಮಗಳ ಫೀಸಿಗೆ ಅಷ್ಟನ್ನೂ ಮಾರಿ, ಉಳಿದ ದುಡ್ಡಿನಲ್ಲಿ ಬೇಗ ತೂಕ ಬರುವ ಬೇರೆ ಜಾತಿ ಕುರಿ ತರೋಣ ಎಂದು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ಬಸ್ಸಿನಲ್ಲಿ ಅದೇ ಮಾತು.

ಅಂಗಡಿ ಸಣ್ಣದು. ಬಾಗಿಲಲ್ಲೇ ಉದ್ದನೆಯ ಕಬ್ಬಿಣದ ಒಲೆ, ಅದರ ಮೇಲೆ ಸಲಾಕೆಗಳ ಸಾಲು. ಗೋಡೆಯ ಪಟ್ಟಿಯಲ್ಲಿ ಲಾಹೋರಿ ಸೀಖ್, ಪೇಶಾವರಿ ಚಪ್ಲಿ, ಬಿಹಾರಿ ಬೋಟಿ, ಅಫ್ಘಾನಿ ಚಿಕನ್, ಮಟನ್ ಚಾಪ್ಸ್. ಭಾವ ಓದಿ, "ಒಂದೂ ನಮ್ಮೂರಿಂದಲ್ವಲ್ಲಪ್ಪ" ಅಂದರು.

ಸೀಖ್ ಮೊದಲು ಬಂತು. ಖೀಮಾಕ್ಕೆ ಕೊಬ್ಬು ಸೇರಿಸಿ ಕುಟ್ಟಿ ಸಲಾಕೆಗೆ ಮೆತ್ತಿ ಸುಟ್ಟದ್ದು. ಕೊಬ್ಬು ಕರಗಿ ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳುವ ಹೊಗೆ ಮತ್ತೆ ಮಾಂಸಕ್ಕೇ ಹಿಡಿಯುತ್ತೆ. ಅದರ ಅರ್ಧ ರುಚಿ ಆ ಹೊಗೆಯದು. ತಮ್ಮ ಒಂದು ತುಂಡು ಬಾಯಿಗಿಟ್ಟು ತಲೆ ಆಡಿಸಿದ. "ಮಸಾಲೆ ಜಾಸ್ತಿ ಆಯ್ತು. ಸತ್ವಾದಲ್ಲಿ ರಾವಿ ಅಂತ ಹೋಟ್ಲು, ಅಲ್ಲಿ ತಿನ್ಬೇಕು ನೀವು."

ರಾವಿ ಎಂದರೆ ಲಾಹೋರಿನ ಪಕ್ಕ ಹರಿಯುವ ಹೊಳೆ. 1978ರಲ್ಲಿ ಪಾಕಿಸ್ತಾನದ ಪಂಜಾಬಿನವರೊಬ್ಬರು ದುಬೈನ ಸತ್ವಾ ಬಡಾವಣೆಯಲ್ಲಿ ಆ ಹೆಸರಿನ ಹೋಟೆಲ್ ತೆರೆದರು. ಟ್ಯಾಕ್ಸಿ ಓಡಿಸುವವರಿಂದ ಹಿಡಿದು ದೊಡ್ಡ ಕಾರಿನವರ ತನಕ ಎಲ್ಲರೂ ಅಲ್ಲಿಗೆ ಹೋಗುತ್ತಾರೆ. ನಮ್ಮ ತಮ್ಮ ಸಂಬಳದ ದಿನ ಮಾತ್ರ ಹೋಗುತ್ತಿದ್ದನಂತೆ. ಒಂದೇ ಟೇಬಲ್ಲಿಗೆ ಒಬ್ಬ ಮಲಯಾಳಿ, ಒಬ್ಬ ಪಠಾಣ, ಇವನು. ಮಾತೆಲ್ಲ ಮುರುಕು ಹಿಂದಿಯಲ್ಲಿ, ಅದೂ ಯಾರ ಊರಿನ ಮಾಂಸದ ಸಾರು ಮೇಲು ಅನ್ನುವುದರ ಮೇಲೆ.

ಚಪ್ಲಿ ಬಂತು. ಅಂಗೈ ಅಗಲ ತಟ್ಟಿ, ಚಪ್ಪಟೆ ಹೆಂಚಿನ ಮೇಲೆ ಕೊಬ್ಬಿನಲ್ಲಿ ಕರಿದದ್ದು. ಒಳಗೆ ತರಿತರಿ ಕೊತ್ತಂಬರಿ ಬೀಜ, ಒಣಗಿದ ದಾಳಿಂಬೆ ಕಾಳು, ಟೊಮೆಟೊ. ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು, ಆ ದಾಳಿಂಬೆಯ ಹುಳಿಗಾಗಿ. ಭಾವ ಒಪ್ಪಲಿಲ್ಲ. "ಕೈಮ ಉಂಡೆನ ತಟ್ಟಿ ಇಟ್ಟಂಗದೆ. ಇದಕ್ಕೆ ಪೇಶಾವರ್ ಯಾಕೆ ಬೇಕು? ನಿಮ್ಮಕ್ಕ ಮಾಡಲ್ವಾ?" ಅಕ್ಕನ ಕೈಮ ಉಂಡೆಗೆ ಹುರಿಗಡಲೆ, ತೆಂಗಿನಕಾಯಿ ಬೀಳುತ್ತೆ, ಸಾರಿನಲ್ಲಿ ಬೇಯುತ್ತೆ. ಬೇರೆಯೇ ರುಚಿ. ಆದರೂ ಹೆಂಡತಿಯ ಕೈಯಡುಗೆಯ ಪರ ವಾದಕ್ಕೆ ನಿಂತ ಗಂಡಸಿನ ಎದುರು ಯಾರು ಮಾತಾಡುತ್ತಾರೆ.

ಬಿಹಾರಿ ಬೋಟಿಯ ಕಥೆ ಇನ್ನೂ ಚೆಂದ. ತೆಳುವಾಗಿ ಸೀಳಿದ ಮಾಂಸಕ್ಕೆ ಪರಂಗಿಕಾಯಿ ಅರೆದು, ಸಾಸಿವೆ ಎಣ್ಣೆ ಹಚ್ಚಿ, ನೆನೆಸಿ ಸುಡುತ್ತಾರೆ. ಗಟ್ಟಿ ಮಾಂಸ ಬೇಯಿಸುವಾಗ ನಮ್ಮ ಅಜ್ಜಿಯರು ಪರಂಗಿಕಾಯಿ ಹೋಳು ಹಾಕುತ್ತಿದ್ದರಲ್ಲ, ಅದೇ ಉಪಾಯ. ಈ ಕಬಾಬ್ ಹೆಸರಾಗಿರುವುದು ಕರಾಚಿಯಲ್ಲಿ. ದೇಶ ಇಬ್ಭಾಗವಾದ ಮೇಲೆ ಬಿಹಾರದಿಂದ ಹೋಗಿ ಅಲ್ಲಿ ನೆಲೆಸಿದವರು ಜೊತೆಗೆ ಒಯ್ದ ಅಡುಗೆ. ಹಾಗಾಗಿ ಪಾಕಿಸ್ತಾನದ ಊರಿನ ಹೆಸರಾಂತ ಕಬಾಬ್‌ಗೆ ನಮ್ಮ ದೇಶದ ರಾಜ್ಯದ ಹೆಸರು.

ಪಕ್ಕದ ಟೇಬಲ್ಲಿನಲ್ಲಿ ಒಂದು ಸಂಸಾರ ಅಫ್ಘಾನಿ ಚಿಕನ್ ಸಪ್ಪೆಯೋ ಅಲ್ಲವೋ ಎಂದು ತೀರ್ಪು ಕೊಡುತ್ತಿತ್ತು. ಆ ಗುಂಪಿನ ಹುಡುಗನೊಬ್ಬ ಬಡಿಸುವವನನ್ನು ಕೇಳಿದ: "ಲಾಹೋರ್ ಅಂತ ಯಾಕ್ ಬರ್ದಿದೀರಾ? ಬೇರೆ ಹೆಸ್ರು ಸಿಗ್ಲಿಲ್ವಾ?" ಅವನು ಸೌತೆಕಾಯಿ ತಟ್ಟೆ ಇಡುತ್ತಾ, "ಹೆಸ್ರು ಮಾತ್ರ ಸರ್. ಕುರಿ ಇಲ್ಲೀದು, ಇದ್ದಿಲು ಇಲ್ಲೀದು, ಸುಡೋರೂ ಇಲ್ಲೇ ಹುಟ್ಟಿದೋರು" ಅಂದ. ಹುಡುಗ ನಕ್ಕು ಸುಮ್ಮನಾದ. ಎಲ್ಲ ಕಡೆ ಹೀಗೆ ನಗುವಿನಲ್ಲಿ ಮುಗಿಯುವುದಿಲ್ಲ. 2019ರ ಫೆಬ್ರವರಿಯಲ್ಲಿ, ಪುಲ್ವಾಮಾ ದಾಳಿಯ ನಂತರ, ಬೆಂಗಳೂರಿನ ಇಂದಿರಾನಗರದ ಕರಾಚಿ ಬೇಕರಿಯ ಬೋರ್ಡಿನಲ್ಲಿ ಕರಾಚಿ ಎಂಬ ಪದವನ್ನು ಮುಚ್ಚಬೇಕಾಯಿತು. ಆ ಬೇಕರಿ ಹೈದರಾಬಾದಿನದು, ದೇಶ ವಿಭಜನೆಯಲ್ಲಿ ಊರು ಬಿಟ್ಟು ಬಂದ ಸಿಂಧಿ ಮನೆತನ 1953ರಲ್ಲಿ ಕಟ್ಟಿದ್ದು. 2025ರ ಮೇ ತಿಂಗಳಲ್ಲಿ ಜೈಪುರದ ಕೆಲವು ಮಿಠಾಯಿ ಅಂಗಡಿಯವರು ನಮ್ಮ ಮೈಸೂರ್ ಪಾಕನ್ನೇ ಮೈಸೂರ್ ಶ್ರೀ ಮಾಡಿದರು. ಬೆಲ್ಲದ ಪಾಕ, ಸಕ್ಕರೆ ಪಾಕ ಎಂದು ದಿನಾ ಆಡುವ ನಮಗೆ ಅದಕ್ಕೆ ನಗಬೇಕೋ ಬೈಯಬೇಕೋ ಗೊತ್ತಾಗಲಿಲ್ಲ.

ಭಾವನ ಕಿವಿಗೆ ಬಿದ್ದದ್ದು ಲಾಹೋರ್ ಅಲ್ಲ. "ಕುರಿ ಇಲ್ಲೀದು ಅಂದ್ಯಲ್ಲಪ್ಪ, ಎಲ್ಲೀದು?"

"ಬನ್ನೂರು ಕುರಿ ಸರ್. ಗ್ಯಾರಂಟಿ."

ಆಗ ಭಾವ ತಟ್ಟೆಯಲ್ಲಿದ್ದ ಚಾಪ್ಸ್ ಎತ್ತಿದರು. ತಿನ್ನಲಿಲ್ಲ. ಪಕ್ಕೆಲುಬನ್ನು ಬೆರಳಲ್ಲಿ ಅಳೆದರು. "ಇಷ್ಟುದ್ದ ಮೂಳೆ ನಮ್ಮ ಕುರಿಗೆ ಇರಲ್ಲ. ಕೊಬ್ಬು ನೋಡು, ಅಂಚಲ್ಲಿ ಪಟ್ಟೆ ಕಟ್ಟದೆ. ನಮ್ದು ಮಾಂಸದೊಳಗೇ ಎಳೆ ಎಳೆಯಾಗಿ ಇರ್ತದೆ." ಸೀಖ್ ಬಗ್ಗೆ ಅವರು ಏನೂ ಹೇಳಲಿಲ್ಲ. ಕುಟ್ಟಿದ ಮೇಲೆ ಯಾವ ಕುರಿಗೂ ಊರು ಇರುವುದಿಲ್ಲವಂತೆ.

ಒಲೆಯ ಮುಂದಿದ್ದ ಹಿರಿಯರು ಕೈ ಒರೆಸಿಕೊಂಡು ಬಂದರು. ಅವರಿಗೆ ಸಿಟ್ಟು ಬರಬಹುದು ಅಂದುಕೊಂಡೆವು. ಅವರು ಚಾಪ್ಸ್ ನೋಡಿ ಭಾವನ ಮುಖ ನೋಡಿದರು. "ಸಾಕ್ತೀರಾ?" "ಹದಿನಾಲ್ಕವೆ." "ಮಂಡಿಲಿ ಬನ್ನೂರು ಅಂತಾನೇ ಕೊಡ್ತಾರಣ್ಣ. ನಾವೂ ಅದನ್ನೇ ಹೇಳ್ತೀವಿ. ನಿಜವಾದ ಬನ್ನೂರು ಸಿಕ್ರೆ ಸೀಖಿಗೆ ಕೊಬ್ಬು ಬೇರೆ ಹಾಕೋ ಹಂಗೇ ಇಲ್ಲ." ಸಣ್ಣವರಿದ್ದಾಗ ಅಪ್ಪನ ಜೊತೆ ಕುರಿ ಕೊಳ್ಳಲು ನಮ್ಮ ಕಡೆ ಬರುತ್ತಿದ್ದದ್ದನ್ನು ಹೇಳಿದರು.

ನಮಗೆ ಸೋಮನಾಥಪುರ ನೆನಪಾಯಿತು. ಕೇಶವ ದೇವಸ್ಥಾನ ನೋಡಿ ಹೊರಗೆ ಬಂದವರು ಊರಿನವರನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಬನ್ನೂರು ಮಟನ್ ಎಲ್ಲಿ ಸಿಗುತ್ತೆ? ಬೆಂಗಳೂರಿನ ಎಷ್ಟು ಮಾಂಸದಂಗಡಿಗಳ ಬೋರ್ಡಿನಲ್ಲಿ ನಮ್ಮ ತಾಲ್ಲೂಕಿನ ಈ ಪಟ್ಟಣದ ಹೆಸರಿದೆಯೋ, ಅಷ್ಟು ಅಂಗಡಿಗೆ ಸಾಕಾಗುವಷ್ಟು ಕುರಿ ಇಲ್ಲಿಲ್ಲ. ಸರ್ಕಾರದ ದಾಖಲೆಯಲ್ಲಿ ಇದು ಮಂಡ್ಯ ತಳಿ, ಮಳವಳ್ಳಿ ಕಡೆಯವರ ಬಾಯಲ್ಲಿ ಬಂಡೂರು ಕುರಿ, ನಮಗೆ ಬನ್ನೂರು. ಗಿಡ್ಡ ಕಾಲು, ತುಂಬಿದ ಮೈ, ಬಿಳಿ ಬಣ್ಣ, ಕೆಲವಕ್ಕೆ ಮುಖ ಕಂದು, ಕೊಂಬಿಲ್ಲ. ಹಿಂದಿನಿಂದ ನೋಡಿದರೆ ತೊಡೆಗಳು ಕಮಾನು ತಿರುಗಿಸಿಟ್ಟ ಹಾಗೆ. ಪೂರ್ತಿ ಬೆಳೆದ ಟಗರೂ ಸುಮಾರು 35 ಕೆಜಿ. ಅಲ್ಲೇ ತೊಡಕು ಇರುವುದು.

ಸಂತೆಯಲ್ಲಿ ವ್ಯಾಪಾರ ನಡೆಯುವುದು ತೂಕದ ಮೇಲೆ. ಅಷ್ಟೇ ತಿಂಗಳು ಮೇದ ದೊಡ್ಡ ಜಾತಿಯ ಕುರಿ ಹೆಚ್ಚು ತೂಗುತ್ತೆ, ಕೆಜಿಗೆ ಸಿಗುವ ದರ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಚೆಂದದ ತಳಿ ಟಗರು ಲಕ್ಷ ದಾಟಿ ಮಾರಾಟವಾದ ಸುದ್ದಿ ಆಗೀಗ ಟೀವಿಯಲ್ಲಿ ಬರುತ್ತೆ, ಹಾರ ಹಾಕಿದ ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ಅದು ಒಂದು ಟಗರಿನ ಅದೃಷ್ಟ. ಉಳಿದವಕ್ಕೆ ಮೇಯಲು ಗೋಮಾಳ ಇಲ್ಲ. ನಾಲೆ ನೀರು ಬಂದ ಕಡೆಯೆಲ್ಲ ಭತ್ತ, ಕಬ್ಬು. ಬದುವಿನ ಹುಲ್ಲಿಗೆ ಕಳೆನಾಶಕ. ಭಾವ ದಡ್ಡರಾಗಿ ಮಾರಲು ಹೊರಟಿರಲಿಲ್ಲ, ಲೆಕ್ಕ ಹಾಕಿಯೇ ಹೊರಟಿದ್ದರು.

ತಮ್ಮ ನಡುವೆ ಬಾಯಿ ಹಾಕಿದ. "ರಾವಿಲೂ ಯಾರೂ ಕುರಿ ಯಾವೂರ್ದು ಅಂತ ಕೇಳಲ್ಲ ಭಾವ."

"ಅಲ್ಲಿ ಸಾಕ್ದೋನು ಪಕ್ಕದಲ್ಲಿ ಕೂತಿರಲ್ಲ, ಅದ್ಕೆ" ಅಂದರು ಭಾವ.

ಹಿರಿಯರು ಒಂದು ಟಗರು ತಂದುಕೊಡಿ, ತೂಕ ಹಾಕುವುದಿಲ್ಲ, ನೋಡಿ ಬೆಲೆ ಕಟ್ಟುತ್ತೇನೆ ಅಂದರು. ಭಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ನಂಬರ್ ಮಾತ್ರ ತಗೊಂಡರು. ಚಾಪ್ಸ್‌ಗೆ ದುಡ್ಡು ಬೇಡ ಅಂದರೂ ಕೊಟ್ಟೇ ಎದ್ದರು. ಬಸ್ಸಿನಲ್ಲಿ ತಮ್ಮ ಮಲಗಿಬಿಟ್ಟ. ಭಾವ ಇನ್ನೊಂದು ಸಲ ಹೇಳಿದರು, ಅಕ್ಕನ ಕೈಮ ಉಂಡೆಯೇ ಮೇಲು ಎಂದು.

ಒಂದು ಟಗರು ಮಂಡಿ ಮೊಹಲ್ಲಾಕ್ಕೆ ಹೋಯಿತು. ಬಂದ ಬೆಲೆ ಸಂತೆಗಿಂತ ಮೇಲಿತ್ತು, ಫೀಸು ಕಟ್ಟುವಷ್ಟಂತೂ ಇರಲಿಲ್ಲ. ಫೀಸಿಗೆ ಏಳು ಕುರಿ ಸಂತೆಯಲ್ಲೇ ತೂಕಕ್ಕೆ ಹೋದವು. ಕೊಟ್ಟಿಗೆಯಲ್ಲಿ ಈಗ ಐದು ಹೆಣ್ಣು, ಒಂದು ಟಗರು ಇವೆ. ಬೇರೆ ಜಾತಿ ಕುರಿ ಇನ್ನೂ ಬಂದಿಲ್ಲ. ಹೋದ ವಾರ ಬೈಕಿನಲ್ಲಿ ವ್ಯಾಪಾರಿಯೊಬ್ಬ ತೂಗುವ ಯಂತ್ರ ಕಟ್ಟಿಕೊಂಡು ಬಂದಿದ್ದ. ಯಂತ್ರ ಕೆಳಗೆ ಇಳಿಸಲೇ ಬೇಡ ಎಂದು ಭಾವ ಅವನಿಗೆ ಕಾಫಿ ಕೊಡಿಸಿ ಕಳಿಸಿದರು.