ಹಿಮದ ಘಾಟಿಗೆ ಹಿಂದಿನ ಚಕ್ರದ ಕಾರು

ಮ್ಯೂನಿಕ್‌ಗೆ ಚಳಿಗಾಲ ಬಂತು ಅಂತ ತಿಳಿಯೋಕೆ ಕ್ಯಾಲೆಂಡರ್ ಬೇಡ, ಟೈರ್ ಅಂಗಡಿ ಮುಂದಿನ ಕ್ಯೂ ನೋಡಿದರೆ ಸಾಕು. 'ಓ ಇಂದ ಓ ತನಕ' ಅಂತ ಇಲ್ಲೊಂದು ಮಾತಿದೆ. ಒಕ್ಟೋಬರ್‌ನಿಂದ ಓಸ್ಟರ್ನ್, ಅಂದರೆ ಈಸ್ಟರ್ ತನಕ, ಚಳಿಗಾಲದ ಟೈರ್ ಹಾಕಿಕೊಂಡಿರಬೇಕು ಅಂತ ಅರ್ಥ. ಬಿಚ್ಚಿದ ಬೇಸಿಗೆ ಟೈರ್‌ಗಳನ್ನು ಅಂಗಡಿಯವರೇ ಬಾಡಿಗೆಗೆ ಇಟ್ಟುಕೊಳ್ತಾರೆ. ಅದರ ಹೆಸರು 'ಟೈರ್ ಹೋಟೆಲ್'. ಈ ಊರಲ್ಲಿ ಮನುಷ್ಯರಿಗೆ ಮನೆ ಸಿಗೋದು ಕಷ್ಟ, ಟೈರಿಗೆ ಮಾತ್ರ ರೂಮು ಸಿಗುತ್ತೆ!

ಕಾನೂನಿನಲ್ಲಿ ತಾರೀಖಿಲ್ಲ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದಾಗ ಸರಿಯಾದ ಟೈರ್ ಇರಬೇಕು, ಅಷ್ಟೇ. ಇಲ್ಲದಿದ್ದರೆ 60 ಯೂರೋ ದಂಡ, ಲೈಸೆನ್ಸ್ ದಾಖಲೆಯಲ್ಲಿ ಒಂದು ಪಾಯಿಂಟ್. 2024ರ ಅಕ್ಟೋಬರ್‌ನಿಂದ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತಿನ ಟೈರ್‌ಗಳಿಗೆ ಮಾತ್ರ ಮಾನ್ಯತೆ. ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತೆ ಅನ್ನೋದು ಇಲ್ಲಿನ ಸಾಮಾನ್ಯ ಲೆಕ್ಕ.

ನನ್ನದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 3 ಸೀರೀಸ್. ಮ್ಯಾನ್ಯುವಲ್ ಗೇರ್, ರಿಯರ್ ವೀಲ್ ಡ್ರೈವ್. "ಇದರಲ್ಲಿ ಆಲ್ಪ್ಸ್ ಕಡೆಗಾ?" ಅಂತ ಆಫೀಸಿನಲ್ಲಿ ಹುಬ್ಬೇರಿಸುತ್ತಾರೆ. ಕಾರಣ ಇದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಎಂಜಿನ್ನಿನ ಭಾರವೇ ಆ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತೆ. ಹಿಂದಿನ ಚಕ್ರ ತಳ್ಳುವ ಕಾರಿನಲ್ಲಿ ಡಿಕ್ಕಿ ಖಾಲಿಯಿದ್ದರೆ ಅಷ್ಟು ಭಾರ ಇರಲ್ಲ. ಹಿಮದ ಮೇಲೆ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಚಕ್ರ ಸುಮ್ಮನೆ ಸುತ್ತುತ್ತೆ, ಕಾರಿನ ಬಾಲ ಪಕ್ಕಕ್ಕೆ ಹೊರಡುತ್ತೆ.

ಆದರೆ ನಮಗೇನು ಇದು ಹೊಸದಾ? ಅಂಬಾಸಿಡರ್, ಓಮ್ನಿ, ಬೊಲೆರೋ ಎಲ್ಲ ಇದೇ ಜಾತಿ. ಮಲೆನಾಡಿನ ಕೆಸರಿನಲ್ಲಿ ಜೀಪು ಹೂತರೆ ನಾಲ್ಕು ಜನ ಹಿಂದೆ ಹತ್ತಿ ನಿಲ್ಲೋದನ್ನು ನೋಡಿ ಬೆಳೆದವಳು ನಾನು. ಅಪ್ಪ ಶರಾವತಿ ವಿದ್ಯುದಾಗಾರದಲ್ಲಿದ್ದವರು. ಇಲಾಖೆಯ ಜೀಪಿನಲ್ಲೇ ಅವರ ಅರ್ಧ ಸರ್ವೀಸು ಕಳೆದಿತ್ತು.

ಹೋದ ಜನವರಿಯಲ್ಲಿ ಅಪ್ಪ, ಅಮ್ಮ ಬಂದಿದ್ದರು. ಅಮ್ಮನಿಗೆ ಹಿಮ ನೋಡಬೇಕು, ಅಪ್ಪನಿಗೆ ವಾಲ್ಶೆನ್‌ಸೇ ವಿದ್ಯುದಾಗಾರ ನೋಡಬೇಕು. ಮೇಲೊಂದು ಸರೋವರ, ಸುಮಾರು 200 ಮೀಟರ್ ಕೆಳಗೆ ಇನ್ನೊಂದು. ಆ ಇಳಿತದಲ್ಲಿ 1924ರಿಂದ ಕರೆಂಟು ತೆಗೀತಿದ್ದಾರೆ. ಹೊರಡುವ ಮುನ್ನ ಅಪ್ಪ ಡಿಕ್ಕಿ ತೆಗೆಸಿ ನೋಡಿದರು. "ಏನೂ ಇಲ್ವಲ್ಲ ಮಾರಾಯ್ತಿ!" ಮನೆಯಲ್ಲಿದ್ದ ಸೋನಾಮಸೂರಿಯ ಎರಡು ಮೂಟೆ ಒಳಗೆ ಹೋದವು. ಬ್ರೇಕ್ ಹಾಕಿದಾಗ ಮುಂದೆ ನುಗ್ಗದ ಹಾಗೆ ಹಗ್ಗ ಬಿಗಿದರು. "ಅಕ್ಕಿಗೂ ಪ್ರವಾಸವಾ?" ಅಂದಳು ಅಮ್ಮ. ಹೀಗೆ ಮರಳಿನ ಚೀಲ ಇಡುವವರೂ ಇದ್ದಾರೆ, ಚಕ್ರ ಹೂತರೆ ಅದೇ ಮರಳನ್ನು ಅಡಿಗೆ ಸುರಿಯಬಹುದು. ಆದರೆ ಟೈರ್ ಸರಿಯಿಲ್ಲದೆ ಬರೀ ತೂಕ ಹೇರಿದರೆ ನಿಲ್ಲಿಸೋಕೆ ಭಾರ ಹೆಚ್ಚಾಯ್ತು, ಅಷ್ಟೇ.

ಕೋಖೆಲ್ ಊರು ಮ್ಯೂನಿಕ್‌ನ ದಕ್ಷಿಣಕ್ಕಿದೆ. ಕಾರಿನಲ್ಲಿ ಒಂದು ಗಂಟೆ. ವಿದ್ಯುದಾಗಾರ ಕೆಳಗಿನ ಸರೋವರದ ದಡದಲ್ಲೇ ಇದೆ. ಬೆಟ್ಟದಿಂದ ಇಳಿಯುವ ಆರು ದಪ್ಪ ಪೈಪುಗಳನ್ನು ಅಪ್ಪ ತುಂಬ ಹೊತ್ತು ನೋಡಿದರು. ಆಮೇಲೆ ಬಂತು ಆಸೆ: ನೀರು ಹೊರಡುವ ಮೇಲಿನ ಕೆರೆಯನ್ನೂ ನೋಡೋಣ.

ನಡುವೆ ಕೆಸೆಲ್‌ಬರ್ಗ್ ಘಾಟಿ. ತುದಿ 858 ಮೀಟರ್, ದಾರಿಯುದ್ದ ಹೇರ್‌ಪಿನ್ ತಿರುವುಗಳು. ಏರುವಾಗ ಕಾರಿನ ಭಾರ ಹಿಂದಕ್ಕೆ ಜಾರುತ್ತೆ, ಹಿಂದಿನ ಚಕ್ರದ ಗಾಡಿಗೆ ಅದು ಅನುಕೂಲ. ಎರಡನೇ ಗೇರಿನಲ್ಲಿ, ಹಾಲು ಉಕ್ಕದಂತೆ ಒಲೆ ಸಣ್ಣಗಿಡುವ ಹಾಗೆ ಕಾಲಿಟ್ಟುಕೊಂಡು ಹತ್ತಿಸಿದೆ. ಒಂದು ತಿರುವಿನಲ್ಲಿ ಇಳಿದು ಬಂದ ದೊಡ್ಡ ಫೋರ್ ವೀಲ್ ಡ್ರೈವ್ ಗಾಡಿ ಹಿಮದ ದಿಣ್ಣೆಗೆ ಮೂಗು ತೂರಿಸಿ ನಿಂತಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಹೊರಡೋದು ಸುಲಭ, ನಿಲ್ಲೋದಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕೇ. ರಸ್ತೆಯ ಹಿಡಿತ ಕಾಲುಭಾಗಕ್ಕೆ ಇಳಿದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತೆ.

ಘಾಟಿಯ ತುದಿ ಮುಟ್ಟುವಷ್ಟರಲ್ಲಿ ಹಿಮ ದಟ್ಟವಾಯಿತು. ಕೆರೆ ಇನ್ನು ಒಂದೆರಡು ಕಿಲೋಮೀಟರ್ ಅಷ್ಟೇ. ಅಮ್ಮ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಮುಂದೆ ಹೋದರೆ ಕತ್ತಲಾದ ಮೇಲೆ ಇದೇ ಘಾಟಿ ಇಳಿಯಬೇಕು. "ವಾಪಸ್ ಹೋಗೋಣಪ್ಪ" ಅಂದೆ. ಅವರು ಮಾತಾಡಲಿಲ್ಲ. ಅಷ್ಟು ದೂರದಿಂದ ಬಂದವರ ಮುಖ ನೋಡೋದು ಕಷ್ಟವಾಯಿತು, ಆದರೂ ಗಾಡಿ ತಿರುಗಿಸಿದೆ.

ಹಿಂದಿನ ಚಕ್ರದ ಕಾರಿಗೆ ನಿಜವಾದ ಪರೀಕ್ಷೆ ಇಳಿಜಾರು. ಗೇರ್ ಇಳಿಸಿ ಕ್ಲಚ್ ಥಟ್ಟನೆ ಬಿಟ್ಟರೆ ಎಂಜಿನ್ ಬ್ರೇಕಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳ ಮೇಲೇ ಬಿದ್ದು ಬಾಲ ಹೊರಗೆ ತಿರುಗುತ್ತೆ. ಅದಕ್ಕೇ ಮೇಲಿನಿಂದಲೇ ಎರಡನೇ ಗೇರ್ ಹಾಕಿ ಹಾಗೇ ಬಂದೆ. ಆದರೂ ಬಿಸಿಲು ಕಾಣದ ಒಂದು ತಿರುವಿನಲ್ಲಿ ಹಿಂಭಾಗ ಒಂದು ಗೇಣು ಜಾರಿತು. ಕ್ಲಚ್ ಒತ್ತಿ, ಬ್ರೇಕ್ ಮುಟ್ಟದೆ, ಹೋಗಬೇಕಾದ ಕಡೆಗೇ ಕಣ್ಣಿಟ್ಟು ಸ್ಟಿಯರಿಂಗ್ ತಿರುಗಿಸಿದೆ. ಕಾರು ಸಾಲಿಗೆ ಬಂತು. ಹಿಂದಿನ ಸೀಟಿನಲ್ಲಿ ರಾಯರ ಸ್ಮರಣೆ ಕೋಖೆಲ್ ತನಕ ನಿಲ್ಲಲಿಲ್ಲ.

ಸ್ನೋ ಚೈನ್ ಡಿಕ್ಕಿಯಲ್ಲೇ ಇತ್ತು, ಬೇಕಾಗಲಿಲ್ಲ. ಬೇಕಾದರೆ ನಮ್ಮಂಥ ಕಾರಿಗೆ ಅದನ್ನು ಹಿಂದಿನ ಚಕ್ರಕ್ಕೇ ಹಾಕಬೇಕು, 50 ಕಿಲೋಮೀಟರ್ ವೇಗ ದಾಟುವಂತಿಲ್ಲ. ಕೆಳಗೆ ಕಾಫಿ ಕುಡಿಯಲು ನಿಂತಾಗ ಅಪ್ಪ ಟೈರಿನ ಹಿಮ ಕೈಯಲ್ಲೇ ಒರೆಸಿ ಗೆರೆಯ ಆಳ ನೋಡಿದರು. "ಎಷ್ಟಕ್ಕೆ ಬದಲಾಯಿಸ್ತಾರೆ?" ಕಾನೂನಿಗೆ 1.6 ಮಿಲಿಮೀಟರ್ ಸಾಕು, ಹಿಮಕ್ಕೆ 4 ಇರಲಿ ಅಂತಾರೆ ಇಲ್ಲಿನವರು, ಅಂದೆ. "ಹಂಗಾದ್ರೆ ಇನ್ನೊಂದು ಚಳಿಗಾಲ ಬರುತ್ತೆ" ಅಂದರು.

ಮೇಲಿನ ಕೆರೆಯನ್ನು ಅವರು ನೋಡಿದ್ದು ಫೆಬ್ರವರಿಯ ಒಂದು ಬಿಸಿಲಿನ ದಿನ, ರೈಲು, ಬಸ್ಸು ಹಿಡಿದು. ಅಕ್ಕಿ ಮಾತ್ರ ಮಾರ್ಚ್ ತನಕ ಡಿಕ್ಕಿಯಲ್ಲೇ ಇತ್ತು.