ವುಡ್‌ವರ್ಡ್ ಹೆದ್ದಾರಿಯ ಜಾತ್ರೆ

ಅಮೆರಿಕದ ಡೆಟ್ರಾಯಿಟ್ ನಗರದಿಂದ ಪಾಂಟಿಯಾಕ್ ಪಟ್ಟಣದವರೆಗೆ ಹರಿದಿರುವ ವುಡ್‌ವರ್ಡ್ ಹೆದ್ದಾರಿ ಮೋಟಾರುಗಳ ತವರುಮನೆ. 1909ರಷ್ಟು ಹಿಂದೆಯೇ ಇದರ ಒಂದು ಮೈಲಿಗೆ ಕಾಂಕ್ರೀಟು ಹಾಸಿದ್ದರು. 1995ರಲ್ಲಿ ಆರಂಭವಾದ ಹಳೆಯ ಕಾರುಗಳ ಜಾತ್ರೆ ಆಗಸ್ಟಿನ ಮೂರನೆಯ ಶನಿವಾರ ಇಲ್ಲಿ ನೆರೆಯುತ್ತದೆ.

ಜಾತ್ರೆಯ ಮುನ್ನಾದಿನ ಬ್ಯಾಟರಿ ಅಂಗಡಿಯೊಂದರ ಮುಂದೆ ವೃದ್ಧರೊಬ್ಬರ 1967ರ ಫೋರ್ಡ್ ಮಸ್ಟಾಂಗ್ ಮೂಕವಾಗಿ ನಿಂತಿತ್ತು. ಅದು ಅವರ ಮದುವೆಯ ವರ್ಷ ಕೊಂಡ ಕಾರು. ನಾಳೆ ಮೊಮ್ಮಗಳನ್ನು ಕೂರಿಸಿಕೊಂಡು ಮೆರವಣಿಗೆಗೆ ಹೊರಡಬೇಕು. ತಿಂಗಳುಗಟ್ಟಲೆ ನಿಂತಲ್ಲೇ ನಿಂತು ಬ್ಯಾಟರಿ ಸತ್ವಗುಂದಿತ್ತು.

ಅಂಗಡಿಯ ಹುಡುಗ 24ನೆಯ ಅಳತೆಯದನ್ನು ತಂದಿಟ್ಟ. ವೃದ್ಧರು ತಲೆಯಲ್ಲಾಡಿಸಿದರು: “ಇದಲ್ಲಪ್ಪಾ, 24ಎಫ್ ಬೇಕು.”

ಎರಡರ ಗಾತ್ರವೂ ಹೆಚ್ಚುಕಡಿಮೆ ಒಂದೇ. ಆದರೆ ಧನ, ಋಣ ತುದಿಗಳು ಅದಲುಬದಲು. ಇದನ್ನಿರಿಸಿದರೆ ಗಿಡ್ಡ ತಂತಿಗಳು ಎಟುಕಲಾರವು. ತಿರುವುಮುರುವಾಗಿ ಜೋಡಿಸಿದರೆ ಆಲ್ಟರ್ನೇಟರೇ ಸುಟ್ಟೀತು! ಬಳಿಕ ಅವರು ತಯಾರಾದ ತಿಂಗಳನ್ನೂ ಚಳಿಯ ಆಂಪಿಯರುಗಳನ್ನೂ ಓದಿದರು. ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಕೊರೆತದಲ್ಲಿ 30 ಸೆಕೆಂಡು ಬ್ಯಾಟರಿ ನೀಡಬಲ್ಲ ವಿದ್ಯುತ್ತಿನ ಲೆಕ್ಕವದು. ದೊಡ್ಡ ಎಂಜಿನಿಗೆ ಆ ಬಲ ಬೇಕೇ ಬೇಕು.

ಕೀಲಿ ತಿರುಗಿತು, ಕಾರು ಗುಡುಗಿತು. ವೃದ್ಧರು ಮಾತಾಡಲಿಲ್ಲ. ಕಾರಿನ ಮೂತಿಯನ್ನು, ಕುದುರೆಯ ಕತ್ತು ಸವರುವಂತೆ, ಒಮ್ಮೆ ಸವರಿದರು.