ರಾಮದೇವರ ಬೆಟ್ಟದ ಕಾಯಂ ನಿವಾಸಿಗಳು

ಹಕ್ಕಿ ನೋಡಲು ಚಳಿಗಾಲವೇ ಬರಬೇಕು ಎಂದು ಕಾಯುವವರುಂಟು. ದೂರದೇಶದ ವಲಸೆ ಹಕ್ಕಿಗಳು ಆಗಲೇ ಬರುವುದು, ನಿಜ. ಆದರೆ ಮಕ್ಕಳೇ, ರಾಮನಗರದ ರಾಮದೇವರ ಬೆಟ್ಟದಲ್ಲಿ ಹನ್ನೆರಡು ತಿಂಗಳೂ ಬೀಡುಬಿಟ್ಟಿರುವ ಹಕ್ಕಿಗಳಿವೆ. ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್. ‘ಶೋಲೆ’ ಸಿನಿಮಾ ತೆಗೆದದ್ದು ಈ ಬಂಡೆಗಳ ನಡುವೆಯೇ ಎಂದರೆ ಅಜ್ಜ ಅಜ್ಜಿಯರಿಗೆ ತಟ್ಟನೆ ಗುರುತು ಸಿಗುತ್ತದೆ.

ಮೆಟ್ಟಿಲು ಹತ್ತುವಾಗ ಪೊದೆಯೊಳಗೆ ಪಿಕಳಾರಗಳ ಮಾತು. ಹಳದಿ ಕೊರಳಿನ ಪಿಕಳಾರವೂ ಇಲ್ಲಿದೆ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಅದು ಕಾಣಸಿಗದು.

“ತಾತ, ರಣಹದ್ದು!” ಮೊಮ್ಮಗಳು ಆಕಾಶ ತೋರಿಸಿದಳು. ನೋಡಿದರೆ ಮಾಮೂಲಿ ಹದ್ದು, ಬಾಲದ ತುದಿ ಕವಲೊಡೆದಿತ್ತು. ರಣಹದ್ದಿನ ಬಾಲ ಮೋಟು, ರೆಕ್ಕೆ ಹಲಗೆಯಂತೆ ಅಗಲ. ಪಾಪ, ಅವಳು ನೋಡಿದ್ದರೆ ತಾನೆ! ನನ್ನ ಬಾಲ್ಯದಲ್ಲಿ ಊರಾಚೆ ಸತ್ತ ದನ ಹಾಕಿದರೆ ರಣಹದ್ದುಗಳ ಹಿಂಡೇ ಇಳಿದು, ಮೂಳೆ ಮಾತ್ರ ಉಳಿಸಿ ಹೋಗುತ್ತಿತ್ತು.

“ಮತ್ತೆ ಎಲ್ಲಿ ಹೋದವು?”

ದನಗಳ ನೋವಿಗೆ ಡೈಕ್ಲೋಫೆನಾಕ್ ಎಂಬ ಔಷಧ ಬಂತು. ಅದನ್ನು ಕೊಟ್ಟ ದನ ಸತ್ತರೆ, ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತಿತ್ತು. ಕಾರಣ ತಿಳಿಯುವಷ್ಟರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹಕ್ಕಿಗಳು ಇಲ್ಲವಾಗಿದ್ದವು. 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಅದಕ್ಕೂ ಮೊದಲು ನಮ್ಮ ಮನೆಯ ಎತ್ತಿಗೂ ನೋವಿನ ಸೂಜಿ ಹಾಕಿಸಿದ್ದೆ. ಯಾವ ಔಷಧ ಎಂದು ಕೇಳಿರಲಿಲ್ಲ. ಎತ್ತು ಉಳಿಯಲಿಲ್ಲ, ಊರಾಚೆಯೇ ಹಾಕಿಸಿದೆವು. ಇದನ್ನು ಮೊಮ್ಮಗಳಿಗೆ ಹೇಳುವಾಗ ನನಗೆ ಮಾತು ತಡವರಿಸಿತು. ಅವಳು ಏನೂ ಅನ್ನಲಿಲ್ಲ.

2012ರಲ್ಲಿ ಈ ಬೆಟ್ಟದ ಸುಮಾರು 346 ಹೆಕ್ಟೇರ್ ಜಾಗ ರಣಹದ್ದುಗಳ ಧಾಮವಾಯಿತು. ಇಲ್ಲಿನ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಕಡಿದಾದ ಬಂಡೆಯ ಅಂಚಿನಲ್ಲಿ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಬಂಡೆಯ ಮೇಲೆ ಸುಣ್ಣ ಸುರಿದಂಥ ಬಿಳಿ ಗೆರೆ ಕಂಡರೆ ಅದು ಅವುಗಳ ಹಿಕ್ಕೆ, ಮನೆಯ ವಿಳಾಸ. ಈಗ ಉಳಿದಿರುವುದು ಬೆರಳೆಣಿಕೆಯಷ್ಟು.

ಹತ್ತು ಗಂಟೆಗೆ ಬಂಡೆ ಕಾದು ಬಿಸಿಗಾಳಿ ಮೇಲೇಳತೊಡಗಿತು. ರಣಹದ್ದು ಕಾಯುವುದು ಅದಕ್ಕೇ. ಬಂಡೆಯಂಚಿನಿಂದ ಒಂದು ಜಾರಿ ಹೊರಟು, ರೆಕ್ಕೆ ಬಡಿಯದೆಯೇ ಸುತ್ತುತ್ತಾ ಸುತ್ತುತ್ತಾ ಮೇಲಕ್ಕೇರಿತು. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ‘1’ ಎಂದು ಬರೆದುಕೊಂಡಳು.

“ಇನ್ನೊಂದು ಬರೋವರೆಗೂ ನಾನು ಇಳಿಯಲ್ಲ ತಾತ.”

ಹನ್ನೆರಡರವರೆಗೂ ಕೂತೆವು. ಚಿತ್ರಾನ್ನದ ಡಬ್ಬಿಯನ್ನು ಅಷ್ಟರಲ್ಲಿ ಕೋತಿಯೊಂದು ಹೊತ್ತುಕೊಂಡು ಹೋಗಿತ್ತು.